ಕೋವಿಯ ಕಣ್ಣಿಗೆ ಎಷ್ಟು ಬೆಲೆ?



ನವೆಂಬರ್ ತಿಂಗಳ ಮೂರನೆಯ ವಾರ ಬಂತೆಂದರೆ ಅಮೆರಿಕದ ಮಿಡ್‌ವೆಸ್ಟಿನಲ್ಲಿ ಆಫೀಸುಗಳು ಅರ್ಧಕ್ಕರ್ಧ ಖಾಲಿ. ವಿಸ್ಕಾನ್ಸಿನ್‌ನಲ್ಲಂತೂ ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚಿನ ಶನಿವಾರ ಶುರುವಾಗುವ ಒಂಬತ್ತು ದಿನಗಳ ಜಿಂಕೆ ಬೇಟೆ ಒಂದು ಊರ ಜಾತ್ರೆಯ ಹಾಗೆ. ನಮ್ಮ ಬಳಗದಲ್ಲಿ ಕೋವಿ ಹಿಡಿದವರು ಕಡಿಮೆ. ಬೇಟೆ ಎಂದರೆ ನಮಗೆ ರಾಘವಾಂಕನ ಹರಿಶ್ಚಂದ್ರ, ಕುವೆಂಪು ಕಾದಂಬರಿಗಳ ಮಲೆನಾಡು, ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಕಾಡಿನ ಕಥೆಗಳು. ಊರಿನಲ್ಲಿ 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಅದು ಪುಸ್ತಕದೊಳಗೆ ಮಾತ್ರ ಉಳಿಯಬೇಕಾದ ಸಂಗತಿ, ಉಳಿದದ್ದು ಒಳ್ಳೆಯದೇ. ಆದರೆ ಇಲ್ಲೇ ಹುಟ್ಟಿ ಬೆಳೆದ ಮಕ್ಕಳ ಕಥೆ ಬೇರೆ. ಅವರು ಪಕ್ಕದ ಮನೆಯ ಗೆಳೆಯರ ಜೊತೆ ಹಂಟರ್ ಸೇಫ್ಟಿ ಕ್ಲಾಸಿಗೆ ಹೋಗುತ್ತಾರೆ, ಲೈಸೆನ್ಸ್ ಪಡೆಯುತ್ತಾರೆ, ಕೊನೆಗೆ ಒಂದು ದಿನ ಅಂಗಡಿಯ ಗಾಜಿನ ಪೆಟ್ಟಿಗೆಯ ಮುಂದೆ ನಮ್ಮನ್ನು ನಿಲ್ಲಿಸಿ ಕೇಳುತ್ತಾರೆ: ನೂರೈವತ್ತು ಡಾಲರಿನ ಸ್ಕೋಪ್ ಸಾಕೋ, ನಾನೂರರದ್ದು ಬೇಕೋ?

ಸ್ಕೋಪ್ ಎಂದರೆ ರೈಫಲ್ಲಿನ ಮೇಲೆ ಕೂರಿಸುವ ದುರ್ಬೀನು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಕಪ್ಪು ಕೊಳವೆ. ಎರಡರ ಮೇಲೂ 3-9×40 ಎಂದೇ ಬರೆದಿರುತ್ತದೆ. ಹಾಗಾದರೆ ಹೆಚ್ಚಿನ ಇನ್ನೂರೈವತ್ತು ಡಾಲರ್ ಹೋಗುವುದೆಲ್ಲಿಗೆ? ನಮ್ಮ ಲೆಕ್ಕದಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುವುದು ಅಂಗಡಿಯವನ ಬಳಿ ಅಲ್ಲ, ಸ್ಕೋಪಿನ ಚರಿತ್ರೆಯಲ್ಲಿ.

ಸ್ಕೋಪ್ ಇಲ್ಲದ ಕೋವಿಯಲ್ಲಿ ಗುರಿ ಹಿಡಿಯುವವನ ಕಷ್ಟ ಮೊದಲು ಗೊತ್ತಾಗಬೇಕು. ಕಣ್ಣಿನ ಹತ್ತಿರ ಒಂದು ಕಚ್ಚು, ನಳಿಗೆಯ ತುದಿಯಲ್ಲಿ ಒಂದು ಮೊಳೆ, ಆಚೆ ದೂರದಲ್ಲಿ ಪ್ರಾಣಿ. ಮೂರೂ ಮೂರು ದೂರದಲ್ಲಿವೆ. ಮನುಷ್ಯನ ಕಣ್ಣಿಗೆ ಒಂದು ಸಲಕ್ಕೆ ಒಂದೇ ಸ್ಪಷ್ಟ. ಎಳೆಯ ಕಣ್ಣು ಹೇಗೋ ಸಂಭಾಳಿಸುತ್ತದೆ. ಚಾಳೀಸು ಬಂದ ಕಣ್ಣಿಗೆ ಕಚ್ಚು ಮಸುಕು, ಮೊಳೆಯೂ ಮಸುಕು. ದುರ್ಬೀನಿನೊಳಗೆ ಒಂದು ಗುರಿಗೆರೆ ಇಟ್ಟರೆ ಈ ತೊಂದರೆ ತಪ್ಪುತ್ತದೆ: ಗೆರೆಯೂ ಪ್ರಾಣಿಯೂ ಒಂದೇ ದೂರದಲ್ಲಿದ್ದಂತೆ ಕಾಣುತ್ತವೆ. ಹಾಗಾಗಿ ಸ್ಕೋಪಿನ ಮೊದಲ ಉಪಕಾರ ದೊಡ್ಡದು ಮಾಡಿ ತೋರಿಸುವುದಲ್ಲ. ಇದನ್ನು ಮರೆತವರೇ ಮುಂದೆ ದುಡ್ಡು ಕಳೆದುಕೊಳ್ಳುವವರು.

ಈ ಉಪಕಾರವನ್ನು ನಮಗೆ ಮಾಡಿಕೊಟ್ಟದ್ದು ಜೇಡ ಎಂದು ಒಂದು ಕಥೆ ಇದೆ. 1640ರ ಆಸುಪಾಸಿನಲ್ಲಿ ಇಂಗ್ಲೆಂಡಿನ ವಿಲಿಯಂ ಗ್ಯಾಸ್ಕೋಯಿನ್ ಎಂಬ ಖಗೋಳಾಸಕ್ತನ ದೂರದರ್ಶಕದೊಳಗೆ ಜೇಡವೊಂದು ಎಳೆ ಕಟ್ಟಿತ್ತಂತೆ. ಕಣ್ಣಿಟ್ಟು ನೋಡಿದರೆ ಎಳೆಯೂ ಸ್ಪಷ್ಟ, ಆಕಾಶವೂ ಸ್ಪಷ್ಟ! ಪಾಪ, ಆತ 1644ರಲ್ಲಿ ಮಾರ್ಸ್ಟನ್ ಮೂರ್ ಕಾಳಗದಲ್ಲಿ ತೀರಿಕೊಂಡ. ಆ ಎಳೆ ಆಕಾಶದಿಂದಿಳಿದು ಕೋವಿಯ ಮೇಲೆ ಬಂದು ಕೂರಲು ಇನ್ನೂರು ವರ್ಷ ಹಿಡಿಯಿತು.

ಅಮೆರಿಕದಲ್ಲಿ ನ್ಯೂಯಾರ್ಕ್ ಸಂಸ್ಥಾನದ ಸಿರಕ್ಯೂಸ್‌ನ ವಿಲಿಯಂ ಮಾಲ್ಕಮ್ 1855ರಲ್ಲಿ ರೈಫಲ್ ದುರ್ಬೀನುಗಳನ್ನು ಕಸುಬಾಗಿ ಮಾಡತೊಡಗಿದ. ನಳಿಗೆಯಷ್ಟೇ ಉದ್ದದ, ಬೆರಳು ಗಾತ್ರದ ಕೊಳವೆಗಳು ಅವು. 1870ರ ದಶಕದ ಕಾಡೆಮ್ಮೆ ಬೇಟೆಗಾರರಲ್ಲಿ ಕೆಲವರ ಬಳಿ ಇವು ಇದ್ದವು. ಆ ಕಾಡೆಮ್ಮೆಗಳ ಗತಿ ಏನಾಯಿತೆಂದು ನಿಮಗೆ ಗೊತ್ತೇ ಇದೆ. ಅದೇ ಕಾಲಕ್ಕೆ ಸ್ವಲ್ಪ ಮುಂಚೆ, ನಮ್ಮ ಕಡೆಗೂ ಒಂದು ತೆಳು ನಂಟು: ಈಸ್ಟ್ ಇಂಡಿಯಾ ಕಂಪನಿಯ ಬಾಂಬೆ ಸೈನ್ಯದಲ್ಲಿ ಕೆಲಸ ಮಾಡಿದ್ದ ಡೇವಿಡ್‌ಸನ್ ಎಂಬ ಅಧಿಕಾರಿಯ ದುರ್ಬೀನನ್ನು ಇಂಗ್ಲಿಷ್ ವಿಟ್‌ವರ್ತ್ ರೈಫಲ್ಲಿನ ಎಡಮಗ್ಗುಲಿಗೆ ಕೂರಿಸಿ, ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಆಯ್ದ ಗುರಿಕಾರರು ಬಳಸಿದರು.

ಇವೆಲ್ಲ ಕೈಯಿಂದ ಮಾಡಿದ, ಎಣಿಸಿ ಇಡುವಷ್ಟು ಸಂಖ್ಯೆಯ ವಸ್ತುಗಳು. ಬೇಟೆಗೆಂದೇ ಒಪ್ಪವಾದ ಸ್ಕೋಪ್ ರೂಪುಗೊಂಡದ್ದು ಜರ್ಮನ್ ಮಾತಾಡುವ ಸೀಮೆಗಳಲ್ಲಿ. ಆಸ್ಟ್ರಿಯಾದ ಅರಣ್ಯಾಧಿಕಾರಿ ಆಗಸ್ಟ್ ಫೀಡ್ಲರ್ 1880ರಲ್ಲಿ ಮಾಡಿದ್ದನ್ನು ಆ ಸಾಲಿನ ಮೊದಲನೆಯದೆಂದು ಹೇಳುವುದುಂಟು; 1898ರಲ್ಲಿ ವಿಯೆನ್ನಾದಲ್ಲಿ ಕಾಲೆಸ್ ಕಂಪನಿ ಶುರುವಾಯಿತು; ಯೇನಾ ಊರಿನ ಝೈಸ್ ಕೂಡ ಹಿಂದೆಯೇ ಬಂತು. ಅಲ್ಲಿ ಬೇಟೆ ಜಹಗೀರುದಾರರ, ಅರಣ್ಯಾಧಿಕಾರಿಗಳ ಹವ್ಯಾಸ. ಬೆಲೆ ಕೇಳಿ ಕೊಳ್ಳುವ ಜನರಲ್ಲ ಅವರು. ಅಮೆರಿಕಕ್ಕೆ ಹಡಗಿನಲ್ಲಿ ಬಂದಿಳಿದಾಗ ಈ ಸ್ಕೋಪುಗಳ ಬೆಲೆ ರೈಫಲ್ಲಿನ ಬೆಲೆಯನ್ನೇ ಮೀರಬಹುದಿತ್ತು. ಹೊಲ ಉಳುವ, ಗಿರಣಿಯಲ್ಲಿ ದುಡಿಯುವ ಬೇಟೆಗಾರ ಅದೇ ಕಚ್ಚು-ಮೊಳೆಯಲ್ಲೇ ದಿನ ದೂಡುತ್ತಿದ್ದ.

ಇಲ್ಲಿ ಪ್ರವೇಶಿಸುತ್ತಾನೆ ನಮ್ಮ ಕಥೆಯ ನಿಜವಾದ ನಾಯಕ, ಬಿಲ್ ವೀವರ್. ಇಪ್ಪತ್ತೈದರ ಆಸುಪಾಸಿನ ಹುಡುಗ. 1930ರಲ್ಲಿ, ಅಂದರೆ ಷೇರುಪೇಟೆ ಕುಸಿದು ದೇಶವೇ ಕಂಗಾಲಾಗಿದ್ದ ಹೊತ್ತಿನಲ್ಲಿ, ಆತ ಕೆಂಟಕಿಯಲ್ಲಿ ಒಂದು ಸ್ಕೋಪ್ ಮಾಡಿ ಮಾರತೊಡಗಿದ. ಹೆಸರು 3-30, ಆಮೇಲೆ ಬರೀ 330. ಮುಕ್ಕಾಲು ಅಂಗುಲದ ಉಕ್ಕಿನ ಕೊಳವೆ, ಮೂರು ಪಟ್ಟಿಗೂ ಸ್ವಲ್ಪ ಕಡಿಮೆಯೇ ದೊಡ್ಡದು ಮಾಡುವ ಶಕ್ತಿ. ಬೆಲೆ 19 ಡಾಲರ್, ಕೋವಿಗೆ ಕೂರಿಸುವ ಹಿಡಿಕೆಯೂ ಸೇರಿ! 1933ರಲ್ಲಿ ಟೆಕ್ಸಾಸಿನ ಎಲ್ ಪಾಸೋಗೆ ಹೋಗಿ ಕಾರ್ಖಾನೆ ಹಾಕಿದ. ಜರ್ಮನ್ ಸ್ಕೋಪಿನ ಬೆಳಕಾಗಲಿ ನಯವಾಗಲಿ ಇದರಲ್ಲಿರಲಿಲ್ಲ. ಆದರೆ ಕಡಿಮೆ ಬೆಲೆಯ ಸ್ಕೋಪ್ ಎಂಬ ವರ್ಗ ಹುಟ್ಟಿದ್ದೇ ಇವನಿಂದ ಎಂದರೆ ಹೆಚ್ಚಲ್ಲ. ಗಮನಿಸಿ: ಅವನು ಬೆಲೆ ಇಳಿಸಿದ್ದು ಶಕ್ತಿ ಕಡಿಮೆಯಿಟ್ಟು, ಭಾಗಗಳನ್ನು ಸರಳ ಮಾಡಿ. ಇಲ್ಲದ್ದನ್ನು ಇದೆ ಎಂದು ಡಬ್ಬಿಯ ಮೇಲೆ ಬರೆಯಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಒಂದು ತಮಾಷೆ ನಡೆಯಿತು. ಅಮೆರಿಕದ ಸೈನ್ಯಕ್ಕೆ 1943ರಲ್ಲಿ ಸ್ಪ್ರಿಂಗ್‌ಫೀಲ್ಡ್ ರೈಫಲ್ಲಿನ ಗುರಿಕಾರರ ರೂಪ, ಎಂ1903ಎ4, ತುರ್ತಾಗಿ ಬೇಕಾಯಿತು. ಸೈನ್ಯ ಬಯಸಿದ್ದು ಲೈಮನ್ ಕಂಪನಿಯ ‘ಅಲಾಸ್ಕನ್’ ಎಂಬ ಮೇಲ್ದರ್ಜೆಯ ಸ್ಕೋಪು. ಅದು ಬೇಕಾದಷ್ಟು ಸಿಗಲಿಲ್ಲ. ಸಿಕ್ಕಿದ್ದು ವೀವರ್ 330ಸಿ. ಬಡ ರೈತನಿಗೆಂದು ಮಾಡಿದ ಸ್ಕೋಪಿಗೆ ಎಂ73ಬಿ1 ಎಂಬ ಸೈನಿಕ ಹೆಸರಿಟ್ಟು ಯುದ್ಧಕ್ಕೆ ಕಳಿಸಿದರು. ಕೆಲಸವನ್ನೇನೋ ಅದು ಮಾಡಿತು. ಆದರೆ ಮಳೆಯಲ್ಲಿ, ತೇವದಲ್ಲಿ ಒಳಗೆ ಮಂಜು ಕಟ್ಟುತ್ತದೆಂಬ ದೂರು ತಪ್ಪಲಿಲ್ಲ.

ಈ ಮಂಜೇ ಮುಂದಿನ ಅಧ್ಯಾಯ. ಓರೆಗಾನಿನ ಪೋರ್ಟ್‌ಲ್ಯಾಂಡ್ ಮಳೆಯ ಊರು; ಆಗುಂಬೆಯವರಿಗೆ ಹೇಳಬೇಕಿಲ್ಲ, ಉಳಿದವರು ಊಹಿಸಿಕೊಳ್ಳಿ. ಅಲ್ಲಿ 1907ರಿಂದ ಲ್ಯೂಪೋಲ್ಡ್ ಎಂಬ ಮನೆತನದ ಕಂಪನಿ ಸರ್ವೆ ಉಪಕರಣಗಳನ್ನು ರಿಪೇರಿ ಮಾಡುತ್ತ, ನದಿಯ ನೀರಿನ ಮಟ್ಟ ದಾಖಲಿಸುವ ಯಂತ್ರಗಳನ್ನು ತಯಾರಿಸುತ್ತ ಇತ್ತು. 1940ರ ದಶಕದಲ್ಲಿ ಮಾರ್ಕಸ್ ಲ್ಯೂಪೋಲ್ಡ್ ಜಿಂಕೆ ಬೇಟೆಗೆ ಹೋಗಿದ್ದಾಗ ಸ್ಕೋಪಿನೊಳಗೆ ಮಂಜು ಕಟ್ಟಿ, ಎದುರಿಗಿದ್ದ ಗಂಡು ಜಿಂಕೆ ತಪ್ಪಿಹೋಯಿತಂತೆ. ಇದಕ್ಕಿಂತ ಚೆನ್ನಾಗಿ ನಾನೇ ಮಾಡಬಲ್ಲೆ ಎಂದು ಆತ ಬೈದುಕೊಂಡನೆಂಬುದು ಆ ಕಂಪನಿಯೇ ಹೇಳುತ್ತ ಬಂದಿರುವ ಕಥೆ. ಕಂಪನಿಗಳು ಹೇಳಿಕೊಳ್ಳುವ ಹುಟ್ಟಿನ ಕಥೆಗಳನ್ನು ನಾವು ಅರ್ಧ ನಂಬುತ್ತೇವೆ. ಆದರೆ 1947ರಲ್ಲಿ ಅವರ ಮೊದಲ ಸ್ಕೋಪು ‘ಪ್ಲೇನ್ಸ್‌ಮನ್’ ಬಂದದ್ದು ನಿಜ. ಕೊಳವೆಯೊಳಗಿನ ತೇವದ ಗಾಳಿ ತೆಗೆದು ಒಣ ನೈಟ್ರೋಜನ್ ತುಂಬಿ ಬಿಗಿಯಾಗಿ ಮುಚ್ಚುವುದನ್ನು ಅಮೆರಿಕದ ಬೇಟೆಗಾರರಿಗೆ ರೂಢಿ ಮಾಡಿಸಿದವರಲ್ಲಿ ಅವರು ಮುಂದು. ಮಳೆಯಲ್ಲಿ ನಿಲ್ಲುವ ಸರ್ವೆ ಉಪಕರಣ ಮಾಡಿದ ಕೈಗಳಿಗೆ ಅದು ಗೊತ್ತಿರುವ ವಿದ್ಯೆಯೇ.

ವೀವರ್‌ನಿಗಿಂತ ಮೇಲೆ, ಜರ್ಮನರಿಗಿಂತ ಕೆಳಗೆ: ನಡುವಿನ ಬೆಲೆ ಎಂಬುದು ಹೀಗೆ ಹುಟ್ಟಿತು. ತಪ್ಪಿಹೋದ ಒಂದು ಜಿಂಕೆಯ ಕಾರಣಕ್ಕೆ ಸೇರಿದ ಬೆಲೆ ಅದು; ಹೆಚ್ಚು ದೊಡ್ಡದು ಮಾಡಿ ತೋರಿಸುವುದಕ್ಕಲ್ಲ. 1909ರಿಂದ ಡೆನ್ವರ್‌ನಲ್ಲಿದ್ದ ರೆಡ್‌ಫೀಲ್ಡ್ ಕೂಡ ಈ ಸಾಲಿಗೇ ಸೇರಿದ್ದು; ವಿಯೆಟ್ನಾಂ ಯುದ್ಧದಲ್ಲಿ ಮರೀನ್ ಗುರಿಕಾರರ ಎಂ40 ರೈಫಲ್ಲಿನ ಮೇಲೆ ಇದ್ದದ್ದು ಅವರದೇ 3-9 ಸ್ಕೋಪು. 1962ರಲ್ಲಿ ಲ್ಯೂಪೋಲ್ಡ್ ‘ಡ್ಯೂಪ್ಲೆಕ್ಸ್’ ಗುರಿಗೆರೆ ತಂದಿತು: ಅಂಚಿನಲ್ಲಿ ದಪ್ಪ, ನಡುವೆ ತೆಳು. ಕೇಳಿದರೆ ಏನೂ ಅಲ್ಲ ಎನಿಸುತ್ತದೆ. ಆದರೆ ಮುಸ್ಸಂಜೆಯಲ್ಲಿ ತೆಳುಗೆರೆ ಕರಗಿಹೋದಾಗ ದಪ್ಪ ಗೆರೆಗಳು ಕಣ್ಣನ್ನು ನಡುವಿಗೆ ಕರೆದೊಯ್ಯುತ್ತವೆ. ಇವತ್ತು ಅತಿ ಅಗ್ಗದ ಸ್ಕೋಪಿನಲ್ಲೂ ಅದರ ನಕಲೇ ಇದೆ.

ಮುಸ್ಸಂಜೆಯ ಮಾತು ಬಂದದ್ದರಿಂದ ಬೆಳಕಿನ ಲೆಕ್ಕವನ್ನೂ ನೋಡಿಬಿಡೋಣ. ಬೇಟೆಯ ಬಹುಪಾಲು ಇಲ್ಲೇ ಇದೆ. ಇಲ್ಲಿನ ಬಿಳಿಬಾಲದ ಜಿಂಕೆ ಹೆಚ್ಚಾಗಿ ಅಲೆದಾಡುವುದು ನಸುಕಿನಲ್ಲಿ ಮತ್ತು ಹೊತ್ತು ಮುಳುಗುವಾಗ. ಹಲವು ಸಂಸ್ಥಾನಗಳಲ್ಲಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಗುಂಡು ಹಾರಿಸಬಹುದು. ಮರದ ಮೇಲೆ ಕಟ್ಟಿದ ಟ್ರೀ ಸ್ಟ್ಯಾಂಡಿನಲ್ಲಿ (ನಮ್ಮ ಮಲೆನಾಡಿನ ಮರಸು ಅಂದುಕೊಳ್ಳಿ) ಇಡೀ ದಿನ ಚಳಿಯಲ್ಲಿ ಕೂತವನಿಗೆ ಪ್ರಾಣಿ ಕಾಣಿಸಿಕೊಳ್ಳುವುದು ಆ ಕೊನೆಯ ಹತ್ತು ನಿಮಿಷದಲ್ಲಿ. ಅಲ್ಲಿರುವುದು ಕೊಂಬೋ ಕೊಂಬೆಯೋ, ಜಿಂಕೆ ಅಡ್ಡ ನಿಂತಿದೆಯೋ ಓರೆಯಾಗಿ ನಿಂತಿದೆಯೋ, ಅದರ ಹಿಂದೆ ಇನ್ನೊಂದಿದೆಯೋ, ಇಷ್ಟನ್ನೂ ಹೇಳಬೇಕಾದದ್ದು ಗಾಜು.

ಬರೀ ಗಾಜಿನ ಪ್ರತಿ ಮುಖದಲ್ಲೂ ಬೆಳಕಿನ ನೂರಕ್ಕೆ ನಾಲ್ಕು ಪಾಲು ಹಿಂದಕ್ಕೆ ಮರಳಿಹೋಗುತ್ತದೆ. ಒಂದು ಸ್ಕೋಪಿನಲ್ಲಿ ಇಂಥ ಹತ್ತು ಮುಖಗಳಿದ್ದರೆ ಮೂರನೆಯ ಒಂದು ಪಾಲು ಬೆಳಕು ದಾರಿಯಲ್ಲೇ ಖರ್ಚು! ಝೈಸ್‌ನ ವಿಜ್ಞಾನಿ ಅಲೆಕ್ಸಾಂಡರ್ ಸ್ಮಾಕುಲ 1935ರಲ್ಲಿ ಗಾಜಿನ ಮೇಲೆ ತೆಳುವಾದ ಲೇಪನ ಕೊಟ್ಟು ಈ ನಷ್ಟ ತಗ್ಗಿಸುವುದನ್ನು ತೋರಿಸಿದ. ಕೆಲವು ವರ್ಷ ಅದು ಗುಟ್ಟಿನ ವಿದ್ಯೆ. ಆಮೇಲೆ ಒಂದು ಪದರ ಹಲವು ಪದರವಾಯಿತು. ಒಳ್ಳೆಯ ಬಹುಪದರ ಲೇಪನದಲ್ಲಿ ಪ್ರತಿ ಮುಖದ ನಷ್ಟ ನೂರಕ್ಕೆ ಅರ್ಧ ಪಾಲಿನ ಆಸುಪಾಸಿಗೆ ಇಳಿಯುತ್ತದೆ. ಡಬ್ಬಿಯ ಮೇಲಿನ ‘ಕೋಟೆಡ್’, ‘ಫುಲ್ಲಿ ಕೋಟೆಡ್’, ‘ಮಲ್ಟಿ ಕೋಟೆಡ್’, ‘ಫುಲ್ಲಿ ಮಲ್ಟಿ ಕೋಟೆಡ್’ ಎಂಬ ಮಂತ್ರಗಳ ಅರ್ಥ ಇಷ್ಟೇ: ಕೆಲವು ಮುಖಕ್ಕೆ ಬಳಿದಿದ್ದಾರೋ ಎಲ್ಲದಕ್ಕೋ, ಒಂದು ಪದರವೋ ಹಲವೋ. ಕೊನೆಯ ಮಂತ್ರವೊಂದೇ ಪೂರ್ತಿ ಪುಣ್ಯ ಕೊಡುವಂಥದು.

ಇನ್ನೊಂದು ಲೆಕ್ಕ ಇನ್ನೂ ಸುಲಭ. ಮುಂದಿನ ಮಸೂರದ ಅಗಲವನ್ನು ಶಕ್ತಿಯಿಂದ ಭಾಗಿಸಿದರೆ ಕಣ್ಣಿಗೆ ಬಂದು ತಲುಪುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. 40 ಮಿಲಿಮೀಟರ್ ಮಸೂರ, 4 ಪಟ್ಟು ಶಕ್ತಿ: 10 ಮಿಲಿಮೀಟರ್. 9 ಪಟ್ಟಿಗೆ ತಿರುಗಿಸಿದರೆ 4.4. ಕತ್ತಲಲ್ಲಿ ಎಳೆಯ ಕಣ್ಣಿನ ಪಾಪೆ ಹಿಗ್ಗಿದರೂ ಸುಮಾರು 7ರವರೆಗೆ. ಈಗ ಅಂಗಡಿಯಲ್ಲಿ ಅದೇ ನೂರೈವತ್ತು ಡಾಲರಿಗೆ ಸಿಗುವ 6-24×50 ಎಂಬ ದೈತ್ಯನನ್ನು ನೋಡಿ: 24 ಪಟ್ಟಿನಲ್ಲಿ ಬಿಲ್ಲೆ 2.1 ಮಿಲಿಮೀಟರ್. ಹೊತ್ತು ಮುಳುಗುವಾಗ ಅದರಲ್ಲಿ ದೊಡ್ಡದಾಗಿ ಕಾಣುವುದು ಕತ್ತಲೆ. ಅಗ್ಗದಲ್ಲಿ ಕೊಳ್ಳುವವರು ಮೊದಲು ಮೋಸಹೋಗುವುದು ಈ ಸಂಖ್ಯೆಗೇ. ವೀವರ್ ಮೂರು ಪಟ್ಟಿಗೆ ನಿಲ್ಲಿಸಿದ್ದನೆಂಬುದನ್ನು ನೆನಪಿಡಬೇಕು.

ಇನ್ನು ಜಪಾನ್. ಯುದ್ಧದಲ್ಲಿ ಸೋತ ದೇಶದ ಬಳಿ ಸೈನ್ಯಕ್ಕೆ ಮಸೂರ ಮಾಡುತ್ತಿದ್ದ ಕೈಗಳಿದ್ದವು, ಕೆಲಸವಿರಲಿಲ್ಲ. ಡೇವಿಡ್ ಬುಶ್ನೆಲ್ 1940ರ ದಶಕದ ಕೊನೆಯಲ್ಲಿ ಅಲ್ಲಿಂದ ದುರ್ಬೀನು ತರಿಸಿ ಅಮೆರಿಕದಲ್ಲಿ ಮಾರತೊಡಗಿದ. 1954ರಲ್ಲಿ ಫ್ಲಾರಿಡಾದಲ್ಲಿ ಶುರುವಾದ ಟಾಸ್ಕೋ ಅದೇ ದಾರಿ ಹಿಡಿಯಿತು. ‘ಮೇಡ್ ಇನ್ ಜಪಾನ್’ ಎಂದರೆ ಮೊದಲು ಮೂಗು ಮುರಿದವರು ಎರಡು ದಶಕದೊಳಗೆ ಅದನ್ನೇ ಹುಡುಕತೊಡಗಿದರು. ಎಲ್ ಪಾಸೋದ ಕೂಲಿಯಲ್ಲಿ ಉಕ್ಕು ಕಡೆದು ಮಾಡಿದ ಸ್ಕೋಪಿಗೆ ಈ ಬೆಲೆಯ ಜೊತೆ ಹೋರಾಡುವುದು ಕಷ್ಟವಾಯಿತು. ವೀವರ್ ತನ್ನ ಕಂಪನಿಯನ್ನು 1968ರಲ್ಲಿ ಓಲಿನ್‌ಗೆ ಮಾರಿದ್ದ. ಎಲ್ ಪಾಸೋ ಕಾರ್ಖಾನೆ 1984ರಲ್ಲಿ ಮುಚ್ಚಿತು. ರೆಡ್‌ಫೀಲ್ಡ್ 1998ರಲ್ಲಿ ಬಾಗಿಲು ಹಾಕಿತು. ಅಗ್ಗದಿಂದ ಇನ್ನೂ ಅಗ್ಗಕ್ಕೆ ಇಳಿಯುತ್ತ ಹೋದ ಟಾಸ್ಕೋ ಕೂಡ 2002ರಲ್ಲಿ ಮುಳುಗಿ, ಹೆಸರು ಮಾತ್ರ ಬುಶ್ನೆಲ್ ಪಾಲಾಯಿತು. ರೆಡ್‌ಫೀಲ್ಡ್ ಎಂಬ ಹೆಸರನ್ನು 2008ರಲ್ಲಿ ಲ್ಯೂಪೋಲ್ಡ್ ಕೊಂಡು, ತನ್ನದಕ್ಕಿಂತ ಕಡಿಮೆ ಬೆಲೆಯ ಸ್ಕೋಪಿಗೆ ಅಂಟಿಸಿತು. ಒಂದು ಕಾಲಕ್ಕೆ ಸರಿಸಾಟಿಯಾಗಿದ್ದ ಮನೆತನದ ಹೆಸರು ಎದುರಾಳಿಯ ಅಂಗಡಿಯ ಕೆಳಗಿನ ಶೆಲ್ಫಿನಲ್ಲಿ! ಆದ್ದರಿಂದ ಮಕ್ಕಳೇ, ಅಜ್ಜಂದಿರು ಹೊಗಳುವ ಹೆಸರನ್ನು ನೋಡಿ ಕೊಳ್ಳಬೇಡಿ. ಹೆಸರು ಅದೇ ಇರುತ್ತದೆ, ಮಾಡುವ ಕೈ ಬದಲಾಗಿರುತ್ತದೆ.

ಜಪಾನಿನಿಂದ ಕೆಲಸ ಫಿಲಿಪೀನ್ಸಿಗೆ, ಚೀನಾಕ್ಕೆ ಹೋಯಿತು. ಅದರಿಂದಾದ ಒಳ್ಳೆಯದನ್ನೂ ಒಪ್ಪಿಕೊಳ್ಳಬೇಕು. ಇವತ್ತಿನ ನೂರೈವತ್ತು ಡಾಲರಿನ ಸ್ಕೋಪಿನಲ್ಲಿ ಬಹುಪದರ ಲೇಪನವಿದೆ, ನೈಟ್ರೋಜನ್ ಇದೆ, ಡ್ಯೂಪ್ಲೆಕ್ಸ್ ಮಾದರಿಯ ಗೆರೆ ಇದೆ. 1930ರ ವೀವರ್ ಬಂದು ನೋಡಿದರೆ ಬೆರಗಾಗುತ್ತಿದ್ದ. ಹಿಂದೆ ನಡುಬೆಲೆಯನ್ನು ಪ್ರತ್ಯೇಕಿಸುತ್ತಿದ್ದ ಎರಡು ಸಂಗತಿ, ಬೆಳಕು ಮತ್ತು ಮಂಜು, ಇವುಗಳಲ್ಲಿ ಅಂತರ ತುಂಬ ಕಿರಿದಾಗಿದೆ. ಅಂಗಡಿಯ ಟ್ಯೂಬ್‌ಲೈಟಿನಡಿ ಎರಡನ್ನೂ ಕಣ್ಣಿಗಿಟ್ಟು ನೋಡಿದರೆ ನಮಗೂ ವ್ಯತ್ಯಾಸ ಹೇಳಲಾಗುವುದಿಲ್ಲ.

ಉಳಿದದ್ದು ಕಣ್ಣಿಗೆ ಕಾಣದ ಮೂರನೆಯದು. ದೊಡ್ಡ ಕೊಳವೆಯೊಳಗೆ ಇನ್ನೊಂದು ಸಣ್ಣ ಕೊಳವೆಯಿದೆ. ತಲೆಕೆಳಗಾದ ಚಿತ್ರವನ್ನು ನೇರ ಮಾಡುವ ಮಸೂರಗಳು ಅದರಲ್ಲಿವೆ. ಮೇಲಿನ ಮತ್ತು ಪಕ್ಕದ ಗುಬುಟುಗಳನ್ನು ತಿರುಗಿಸಿದಾಗ ಸ್ಕ್ರೂಗಳು ಈ ಒಳಕೊಳವೆಯನ್ನು ಒತ್ತುತ್ತವೆ, ಎದುರಿನಿಂದ ಒಂದು ಸ್ಪ್ರಿಂಗು ತಳ್ಳಿ ಹಿಡಿದಿರುತ್ತದೆ. ಒಂದು ‘ಕ್ಲಿಕ್’ ಎಂದರೆ ನೂರು ಗಜದಲ್ಲಿ ಸುಮಾರು ಕಾಲು ಅಂಗುಲ. ಕೋವಿ ಪ್ರತಿ ಸಲ ಒದ್ದಾಗಲೂ ಆ ಸ್ಪ್ರಿಂಗಿಗೂ ಒದೆ. ಅದು ಸೋತರೆ, ಸ್ಕ್ರೂವಿನ ಹಲ್ಲು ಸವೆದರೆ, ಗುರಿಗೆರೆ ಒಂದೆಡೆ ತೋರಿಸುತ್ತದೆ, ಗುಂಡು ಇನ್ನೊಂದೆಡೆ ಹೋಗುತ್ತದೆ. ಜಿಂಕೆಯ ಎದೆಯಲ್ಲಿ ಹೃದಯ, ಶ್ವಾಸಕೋಶ ಇರುವ ಜಾಗ ಸುಮಾರು ಎಂಟು ಅಂಗುಲ ಅಗಲ. ನೂರು ಗಜದಲ್ಲಿ ನಾಲ್ಕು ಅಂಗುಲ ಜಾರಿದರೆ ನಡುವಿಗೆ ಇಟ್ಟ ಗುರಿ ಅಂಚಿಗೆ ಹೋಯಿತು. ಇನ್ನೂರು ಗಜದಲ್ಲಿ ಅದೇ ಎಂಟಾಗಿ, ಪೂರ್ತಿ ತಪ್ಪಬಹುದು ಅಥವಾ ಹೊಟ್ಟೆಗೆ ತಗಲಬಹುದು. ಹೊಟ್ಟೆಗೆ ಏಟು ಬಿದ್ದ ಪ್ರಾಣಿ ಗಂಟೆಗಟ್ಟಲೆ ನರಳಿ, ಎಲ್ಲೋ ಪೊದೆಯಲ್ಲಿ ಸಾಯುತ್ತದೆ, ಯಾರ ಊಟಕ್ಕೂ ಸಿಗದೆ. ಬೇಟೆ ಬೇಕೋ ಬೇಡವೋ ಎಂಬುದು ಬೇರೆ ಚರ್ಚೆ. ಆಡುವುದೇ ಆದರೆ ಇದನ್ನು ತಪ್ಪಿಸುವುದು ಆಡುವವನ ಸಾಲ. ನಾನೂರು ಡಾಲರಿನಲ್ಲಿ ಹೆಚ್ಚಿನ ಭಾಗ ಹೋಗುವುದು ಈ ಸ್ಪ್ರಿಂಗಿಗೆ, ಈ ಸ್ಕ್ರೂವಿಗೆ, ಮತ್ತು ಸರಿಯಿಲ್ಲದ್ದನ್ನು ಕಾರ್ಖಾನೆಯಲ್ಲೇ ಹಿಡಿದು ಎಸೆಯುವ ಪರೀಕ್ಷಕನಿಗೆ. ಅಗ್ಗದವೆಲ್ಲ ಕೆಟ್ಟವಲ್ಲ. ಆದರೆ ಅಗ್ಗದ ಹತ್ತರಲ್ಲಿ ಕೆಟ್ಟದ್ದು ಯಾವುದೆಂದು ಹುಡುಕುವ ಕೆಲಸ ಕೊಂಡವನ ಪಾಲಿಗೆ.

ಹುಡುಕುವ ವಿಧಾನವೂ ಇದೆ. ಗುರಿಹಲಗೆಗೆ ಮೂರು ಗುಂಡು ಹೊಡೆಯಿರಿ. ಗುಬುಟುಗಳನ್ನು ಇಪ್ಪತ್ತು ಕ್ಲಿಕ್ ಬಲಕ್ಕೆ ತಿರುಗಿಸಿ ಮೂರು, ಇಪ್ಪತ್ತು ಕೆಳಕ್ಕೆ ತಿರುಗಿಸಿ ಮೂರು, ಹಾಗೆಯೇ ಎಡಕ್ಕೆ, ಕೊನೆಗೆ ಮೇಲಕ್ಕೆ. ಹಲಗೆಯ ಮೇಲೆ ಒಂದು ಚೌಕ ಮೂಡಬೇಕು, ಕೊನೆಯ ಮೂರು ಗುಂಡು ಮೊದಲ ಮೂರರ ಜಾಗಕ್ಕೇ ಮರಳಬೇಕು. ಮರಳದಿದ್ದರೆ ಮೊದಲು ಹಿಡಿಕೆಯ ಸ್ಕ್ರೂಗಳು ಬಿಗಿಯಾಗಿವೆಯೇ ನೋಡಿ. ಎಷ್ಟೋ ಸಲ ತಪ್ಪು ಅಲ್ಲಿರುತ್ತದೆ, ಬೈಗುಳ ಸ್ಕೋಪಿಗೆ ಬೀಳುತ್ತದೆ. ಅಲ್ಲೂ ಸರಿಯಿದ್ದರೆ ಸ್ಕೋಪನ್ನು ಅಂಗಡಿಗೆ ವಾಪಸು ಕೊಡಿ. ‘ಲೈಫ್‌ಟೈಮ್ ವಾರಂಟಿ’ ಇದೆಯಲ್ಲ ಎಂದು ಸುಮ್ಮನಿರಬೇಡಿ. ವಾರಂಟಿ ಹೊಸ ಸ್ಕೋಪ್ ಕೊಡುತ್ತದೆ. ಒಂಬತ್ತು ದಿನದಲ್ಲಿ ಕಳೆದ ನಾಲ್ಕನ್ನು ಕೊಡುವುದಿಲ್ಲ. ಕಂಪನಿಯೇ ಆ ವ್ಯಾಪಾರ ಬಿಟ್ಟುಬಿಡಬಹುದು, ನಿಕಾನ್‌ನಂಥ ದೊಡ್ಡ ಸಂಸ್ಥೆ ಕೂಡ 2020ರ ಹೊತ್ತಿಗೆ ರೈಫಲ್ ಸ್ಕೋಪ್ ಮಾಡುವುದನ್ನು ನಿಲ್ಲಿಸಿತು.

ಸ್ಕೋಪಿಗೆ ರೈಫಲ್ಲಿನಷ್ಟೇ ಖರ್ಚು ಮಾಡಬೇಕೆಂಬುದು ಇಲ್ಲಿನ ಬೇಟೆಗಾರರ ಹಳೆಯ ಉಪದೇಶ. ಅದು ಅತಿಯಾಯಿತು ಎಂಬುದು ನಮ್ಮ ಅಭಿಪ್ರಾಯ. ಮೆಲ್ಲಗೆ ಒದೆಯುವ 30-30 ಕೋವಿ, ಕಾಡೊಳಗೆ ನೂರು ಗಜದ ಒಳಗಿನ ಬೇಟೆ, ವರ್ಷಕ್ಕೆ ಎರಡು ಪೆಟ್ಟಿಗೆ ತೋಟಾ: ಇಷ್ಟೇ ಆದರೆ, ಚೌಕದ ಪರೀಕ್ಷೆ ಪಾಸಾದ ನೂರೈವತ್ತರ 2-7 ಅಥವಾ 3-9 ಸಾಕು. ಬಯಲಿನ ಬೇಟೆ, ಜೋರಾಗಿ ಒದೆಯುವ .300 ಮ್ಯಾಗ್ನಮ್, ಹತ್ತಾರು ವರ್ಷ ಇಟ್ಟುಕೊಳ್ಳುವ ಆಸೆ ಇದ್ದರೆ ನಡುಬೆಲೆಗೆ ಹೋಗಿ, ಅಲ್ಲೂ 3-9ರಲ್ಲೇ ನಿಲ್ಲಿ. ಮಗ್ಗುಲಿನ ಊರಲ್ಲಿ ಗನ್ ಶೋ ನಡೆದರೆ ಹಳೆಯ ಸಾಮಾನಿನ ಮೇಜುಗಳನ್ನೂ ಒಮ್ಮೆ ನೋಡಿಬನ್ನಿ. ಉಕ್ಕಿನ ಕೊಳವೆಯ, ‘ಎಲ್ ಪಾಸೋ, ಟೆಕ್ಸಾಸ್’ ಎಂದು ಕೆತ್ತಿದ ವೀವರ್ ಕೆ4ಗಳು ಈಗಲೂ ಕಾಣಸಿಗುತ್ತವೆ. ಅದು 1947ರಲ್ಲಿ ಬಂದ ಮಾದರಿ, ಬದಲಾಗದ ನಾಲ್ಕು ಪಟ್ಟು ಶಕ್ತಿ. ಕೊಳ್ಳುವ ಮೊದಲು ಬೆಳಕಿನೆಡೆಗೆ ಹಿಡಿದು, ಗಾಜಿನ ಒಳಮೈಯಲ್ಲಿ ಮಸುಕೋ ಬೂಸಲೋ ಇದೆಯೇ ನೋಡಿ. ಗುರಿಗೆರೆ ನಡುವೆ ಇಲ್ಲದೆ ಒಂದು ಮೂಲೆಗೆ ಸರಿದಂತಿದ್ದರೆ ಗಾಬರಿ ಬೇಡ. ಆ ಕಾಲದ ಹಲವು ಸ್ಕೋಪುಗಳಲ್ಲಿ ಗುಬುಟು ತಿರುಗಿಸಿದರೆ ಗೆರೆಯೇ ಓಡಾಡುತ್ತಿತ್ತು.